ಸಮುದ್ರದ ಪಾಲಾದ ಹಲ್ಲುಸೆಟ್ಟು

ಸಂತ ರೋಕ್ ಹಬ್ಬದ ಲಾಟರಿಯಲ್ಲಿ ಮೊದಲ ಬಹುಮಾನ ಒಂದು ಹಂದಿ. ಎರಡನೆಯದು ದ್ವೀಪದ ಆಚೆ ಬದಿಯ ರೆಸಾರ್ಟಿನಲ್ಲಿ ಇಬ್ಬರಿಗೆ ಮೂರು ದಿನದ ವಾಸ. ಊಟ ತಿಂಡಿ, ನೀರಿನಲ್ಲಿ ಮುಖ ಅದ್ದಿ ಮೀನು ನೋಡುವ ಏರ್ಪಾಡು ಎಲ್ಲ ಅದರಲ್ಲೇ ಸೇರಿತ್ತು. ಮೂರನೆಯದು ಟೇಬಲ್ ಫ್ಯಾನು. ನಮ್ಮ ಪಕ್ಕದ ಮನೆಯ ಸೊರಿಂಗಕ್ಕ ಚೀಟಿ ಕೊಂಡದ್ದು ಹಂದಿಯ ಮೇಲೆ ಕಣ್ಣಿಟ್ಟು. ಹಬ್ಬಕ್ಕೆ ಬಹಳ ಮುಂಚೆಯೇ ಅದನ್ನು ತಂದು ಚರ್ಚಿನ ಹಿತ್ತಿಲಲ್ಲಿ ಕಟ್ಟಿದ್ದರು. ಆಕೆ ದಿನವೂ ಮಾರುಕಟ್ಟೆಯಿಂದ ಬರುವಾಗ ಅಲ್ಲಿ ನಿಂತು, ಅದರ ಬೆನ್ನು ನೀವಿ, ಕಿವಿಯ ಹಿಂದೆ ಕೆರೆದು, "ಇನ್ನೇನು, ಹಬ್ಬ ಆದ್ಮೇಲೆ ನಮ್ಮನೇಗ್ ಹೋಗೋಣ" ಎಂದು ಹೇಳಿ ಬರುತ್ತಿದ್ದಳು.

ಹಂದಿ ಬೇಕರಿಯ ಲೂಸಿಯೊನ ಪಾಲಾಯಿತು. ಸೊರಿಂಗಕ್ಕನ ನಂಬರು ಎರಡನೆಯದಕ್ಕೆ ಬಂತು. ವೇದಿಕೆಯ ಮೇಲೆ ಪಾದ್ರಿಗಳು ಲಕೋಟೆ ಕೈಗಿಡುವಾಗ ಆಕೆಯ ಕಣ್ಣಲ್ಲಿ ನೀರು.

"ಸಂತೋಷಕ್ಕೆ ಅಳ್ತಾ ಇದೀಯೇನಮ್ಮ?" ಎಂದರು ಅವರು.

"ಹಂದಿಗೆ, ಫಾದರ್," ಎಂದಳು.

ಆ ಸಂಜೆಯೇ ಬೇಕರಿಗೆ ಹೋಗಿ ಅದಲುಬದಲು ಮಾಡಿಕೊಳ್ಳೋಣವೆಂದು ಕೇಳಿದಳು. ಲೂಸಿಯೊ ಹಿಟ್ಟು ನಾದುವುದನ್ನು ನಿಲ್ಲಿಸದೆ, "ನಂಗೆ ನೀರು ಅಂದ್ರೆ ಹೆದರಿಕೆ ಅಕ್ಕ" ಎಂದ.

"ಹಂದಿ ಅಂದ್ರೆ?"

"ಹಂದಿ ಅಂದ್ರೆ ಪ್ರೀತಿ."

ಮಾತು ಅಲ್ಲಿಗೆ ಮುಗಿಯಿತು. ಲಕೋಟೆಯನ್ನು ಒಲೆಗೆ ಹಾಕಬೇಕೆಂದು ಸೊರಿಂಗಕ್ಕನ ಮನಸ್ಸಿನಲ್ಲಿತ್ತು. ಆದರೆ ಅಷ್ಟರಲ್ಲಿ ಆಕೆಯ ನಾದಿನಿ ಓಣಿಗೆಲ್ಲ ಸುದ್ದಿ ಹೇಳಿ, ಪಾರ್ಲರಿಗೆ ಹೋಗಿ ಕೂದಲು ಗುಂಗುರು ಮಾಡಿಸಿಕೊಂಡು ಬಂದಾಗಿತ್ತು.

ಸೊರಿಂಗಕ್ಕನ ಪೂರ್ತಿ ಹೆಸರು ಕಾನ್ಸೊರ್ಸಿಯಾ. ಅರವತ್ತು ದಾಟಿದ ವಿಧವೆ, ಮಾರುಕಟ್ಟೆಯಲ್ಲಿ ಒಣಮೀನಿನ ಅಂಗಡಿ ಇಟ್ಟವಳು. ದಂಗಿಟ್ ಎಂಬ ಮೀನಿಗೆ ಆಕೆಯ ಅಂಗಡಿ ಹೆಸರುವಾಸಿ. ಅದು ಅಂಗೈಯಗಲದ ಮೀನು. ಹೊಟ್ಟೆ ಸೀಳಿ, ಪುಸ್ತಕ ತೆರೆದ ಹಾಗೆ ಬಿಡಿಸಿ, ಉಪ್ಪು ಹಾಕಿ ಬಿಸಿಲಿಗಿಟ್ಟು ಒಣಗಿಸುತ್ತಾಳೆ. ನಾದಿನಿಯ ಹೆಸರು ಪ್ರಿಮಿತೀವಾ, ಎಲ್ಲರ ಬಾಯಲ್ಲಿ ತೀವಾ. ನಾಲ್ಕೈದು ವರ್ಷ ಚಿಕ್ಕವಳು, ಮದುವೆಯಾಗದೆ ಹೊಲಿಗೆ ಯಂತ್ರದ ಮುಂದೆಯೇ ಕಾಲ ಕಳೆದವಳು. ಇಬ್ಬರೂ ಒಂದೇ ಸೂರಿನ ಕೆಳಗೆ ನಲವತ್ತು ವರ್ಷದಿಂದ ಜಗಳವಾಡಿಕೊಂಡು ಬಂದಿದ್ದಾರೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಬಿದಿರಿನ ಗೋಡೆಯಾದ್ದರಿಂದ ನನಗೆ ಎರಡೂ ಕಡೆಯ ವಾದ ಬಾಯಿಪಾಠ.

ಜಗಳ ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಅಂಬ್ರೋಸಿಯೊ ಎಂಬವನ ಹೆಸರಿನಲ್ಲಿ. ತೀವಾ ಹರೆಯದವಳಾಗಿದ್ದಾಗ ಅಂಬೋ ಎಂದು ಕರೆಸಿಕೊಳ್ಳುತ್ತಿದ್ದ ಈತ ದಿನಾ ಸಂಜೆ ಅವರ ಬಾಗಿಲಿಗೆ ಬರುತ್ತಿದ್ದನಂತೆ, ಬಾಳೆನಾರಿನಲ್ಲಿ ಕಟ್ಟಿದ ಒಂದು ಏಡಿ ಹಿಡಿದು. ಆಗಷ್ಟೇ ಸೊಸೆಯಾಗಿ ಬಂದಿದ್ದ ಸೊರಿಂಗಕ್ಕ ಒಂದು ದಿನ ಬಾಗಿಲಿಗೆ ಅಡ್ಡ ನಿಂತು, "ಒಂಬತ್ತು ಜನರ ಮನೆಗೆ ಒಂದೇ ಏಡಿ ತರೋನು ನಾಳೆ ಹೆಂಡ್ತೀಗೆ ಏನ್ ಹಾಕ್ತಾನೆ" ಎಂದುಬಿಟ್ಟಳು. ಅಂಬೋ ಏಡಿಯನ್ನು ಹೊಸ್ತಿಲ ಮೇಲಿಟ್ಟು ಹೋದವನು ದಕ್ಷಿಣದ ಮೀನುಗಾರಿಕೆ ಹಡಗು ಸೇರಿದ. ಆ ಬಾಗಿಲಿಗೆ ಮತ್ತೆ ಬರಲಿಲ್ಲ.

"ಆ ಏಡೀನ ತಿಂದಿದ್ದೂ ನೀನೇ," ಎಂದು ತೀವಾ ಈಗಲೂ ಹೇಳುತ್ತಾಳೆ.

"ಮತ್ತೇನು, ಅದಕ್ಕೆ ಬೇರೆ ಹೆಣ್ಣು ಹುಡುಕ್ಬೇಕಿತ್ತಾ?"

ಹೀಗಿರುವ ಇಬ್ಬರು ಒಂದು ಶುಕ್ರವಾರ ಬೆಳಿಗ್ಗೆ ಬಾಡಿಗೆ ಜೀಪಿನ ಹಿಂದೆ ಕುಳಿತು ಆರಾಮ ಮಾಡಲು ಹೊರಟರು. ತೀವಾಳ ಬಳಿ ಹೊಸ ಟೋಪಿ, ಕೆಂಪು ಲಿಪ್‌ಸ್ಟಿಕ್ಕು, ಮತ್ತು ಹೋದ ವರ್ಷ ಪಟ್ಟಣದಲ್ಲಿ ಮಾಡಿಸಿದ ಮೇಲಿನ ಸಾಲಿನ ಹಲ್ಲುಸೆಟ್ಟು. ಆ ಹಲ್ಲು ಬಂದಮೇಲೆ ಆಕೆ ಕಾರಣವಿಲ್ಲದೆ ನಗುವುದನ್ನು ಕಲಿತಿದ್ದಳು. ಸೊರಿಂಗಕ್ಕನ ಬಳಿ ಅಕ್ಕಿ, ಬಾಣಲೆ, ಸೀಮೆಎಣ್ಣೆ ಒಲೆ, ಒಂದು ಕಟ್ಟು ದಂಗಿಟ್.

"ಊಟ ಅವರೇ ಕೊಡ್ತಾರೆ ಅಂತ ಬರೆದಿದೆ ಅತ್ತಿಗೆ."

"ಕೊಡ್ತೀನಿ ಅಂದೋರೆಲ್ಲ ಕೊಟ್ಟಿದ್ರೆ ನಾನು ಇವತ್ತು ಹಂದಿ ಸಾಕ್ಕೊಂಡು ಮನೇಲಿರ್ತಿದ್ದೆ."

ರೆಸಾರ್ಟಿನ ಹೆಣ್ಣುಮಗಳು ಜೋವೆಲಿನ್ ನಗುತ್ತ ಬಂದು ಇಬ್ಬರ ಕೈಗೂ ಒಂದೊಂದು ಎಳನೀರು ಕೊಟ್ಟಳು. ಅದರ ಮೇಲೊಂದು ಕಾಗದದ ಪುಟ್ಟ ಕೊಡೆ. ಸೊರಿಂಗಕ್ಕ ಕೊಡೆಯನ್ನು ತೆಗೆದು ತಿರುಗಿಸಿ ನೋಡಿ, "ಇದ್ಯಾಕೆ, ಎಳನೀರಿಗೆ ಬಿಸ್ಲು ತಾಗುತ್ತಾ?" ಎಂದಳು.

"ಚೆಂದಕ್ಕೆ ಅಕ್ಕ. ಇಲ್ಲಿ ನೀವೇನೂ ಮಾಡ್ಬೇಕಿಲ್ಲ. ಸುಮ್ನೆ ಆರಾಮಾಗಿದ್ರೆ ಸಾಕು."

"ಎಷ್ಟೊತ್ತು?"

"ಮೂರು ದಿನಾನೂ."

ಸೊರಿಂಗಕ್ಕ ಪ್ರಾಮಾಣಿಕವಾಗಿಯೇ ಪ್ರಯತ್ನಿಸಿದಳು. ಕಾಡುಬಾದಾಮಿ ಮರಗಳ ನಡುವೆ ಕಟ್ಟಿದ್ದ ಜೋಲಿಯಲ್ಲಿ ಮಲಗಿದಳು. ಅನ್ನ ಒಂದು ಕುದಿ ಬರುವಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ ಮೂಲೆಯಲ್ಲೊಂದು ತೆಂಗಿನಕಡ್ಡಿ ಪೊರಕೆ ಕಣ್ಣಿಗೆ ಬಿತ್ತು. ತಮ್ಮ ಗುಡಿಸಲಿನ ಮುಂದಿನ ಎಲೆ ಗುಡಿಸಿದಳು. ಗುಡಿಸಿದ ಜಾಗದ ಪಕ್ಕದ್ದು ಕೊಳಕಾಗಿ ಕಂಡಿತು, ಅದನ್ನೂ ಗುಡಿಸಿದಳು. ಹಾಗೆ ಮುಂದುವರಿದು ಸಮುದ್ರದ ಅಂಚಿನವರೆಗೆ ಹೋದಳು. ಅಲ್ಲಿ ಅಲೆಗಳು ಪಾಚಿ ತಂದು ಹಾಕುತ್ತಿದ್ದವು, ಇವಳು ಗುಡಿಸುತ್ತಿದ್ದಳು. ಮತ್ತೆ ತಂದು ಹಾಕುತ್ತಿದ್ದವು. ಜೋವೆಲಿನ್ ಓಡಿ ಬಂದು ಪೊರಕೆ ಕಸಿದುಕೊಳ್ಳುವ ಹೊತ್ತಿಗೆ ಸೊರಿಂಗಕ್ಕ ಸಮುದ್ರವನ್ನು ಬೈಯುವ ಮಟ್ಟಕ್ಕೆ ಬಂದಿದ್ದಳು.

ಸಂಜೆ ದಂಗಿಟ್ ಹುರಿದಳು. ಗೊತ್ತಿದ್ದವರಿಗೆ ಆ ವಾಸನೆ ಸ್ವರ್ಗ. ಗೊತ್ತಿಲ್ಲದವರಿಗೆ ಯಾರೋ ಸತ್ತು ಬಹಳ ದಿನವಾದ ಹಾಗೆ. ಪಕ್ಕದ ಗುಡಿಸಲಿನಲ್ಲಿದ್ದ ಜರ್ಮನಿಯ ಗಂಡ ಹೆಂಡತಿ ಮೂಗಿಗೆ ಟವೆಲ್ ಒತ್ತಿಕೊಂಡು ಹೊರಗೆ ಬಂದರು. ಗಂಡ ಸನ್ನೆಯಲ್ಲಿ ಏನೋ ಕೇಳಿದ. ಏನು ಸತ್ತಿದೆ ಎಂದಿರಬೇಕು. ಸೊರಿಂಗಕ್ಕ ಅವನು ಹಸಿದಿದ್ದಾನೆಂದು ತಿಳಿದು, ಕೂರಿಸಿ, ತಟ್ಟೆಗೆ ಅನ್ನ ಹಾಕಿ, ಎರಡು ಮೀನು ಇಟ್ಟು, ವಿನೆಗರ್ ಚಿಮುಕಿಸಿ ಕೊಟ್ಟಳು. ತಿನ್ನದೆ ಬಿಡುವ ದಾರಿ ಅವನಿಗೆ ಕಾಣಲಿಲ್ಲ. ತಿಂದ. ಆಮೇಲೆ ಹೆಂಡತಿಯನ್ನೂ ಕರೆದು ಕೂರಿಸಿಕೊಂಡ.

ಮರುದಿನ ಬೆಳಿಗ್ಗೆ ನೀರಿಗಿಳಿಯುವ ಸರದಿ. ದಡದಲ್ಲಿ ಇವರಿಗಾಗಿ ಕಾದಿದ್ದವನು ಗಿಡ್ಡನೆಯ, ಗಟ್ಟಿಮುಟ್ಟಾದ ಮುದುಕ. ದಪ್ಪ ಮೀಸೆ, ಮೀಸೆಯ ಕೆಳಗೆ ಬಾಯಲ್ಲಿ ಒಂದು ಸೀಟಿ. ಆ ಕೊಲ್ಲಿಯ ಹವಳದ ದಿಬ್ಬ ಊರಿನವರು ಕಾಯುವ ಮೀನುಗಳ ಅಭಯಧಾಮ, ಈತ ಅದರ ಕಾವಲುಗಾರ. ಮಾತಾಡುವಾಗಲೂ ಸೀಟಿ ತೆಗೆಯುತ್ತಿರಲಿಲ್ಲ. ಹಾಗಾಗಿ ಪ್ರತಿ ಮಾತಿನ ಹಿಂದೆಯೂ ಸಣ್ಣದೊಂದು 'ಪೀ' ಬರುತ್ತಿತ್ತು.

ಸೊರಿಂಗಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಿವಿಗಳ ಹತ್ತಿರ ಬಂದಾಗ ನಿಂತಳು. ಜಗ್‌ನ ಹಿಡಿಕೆಗಳಂಥ ಕಿವಿಗಳು.

"ತೀವಾ," ಎಂದು ನಾದಿನಿಯ ಪಕ್ಕೆಗೆ ತಿವಿದಳು, "ನಿನ್ನ ಏಡಿ."

ತೀವಾ ನೋಡಿದಳು. ಅವನೂ ನೋಡಿದ. ಸೀಟಿ ತನ್ನಷ್ಟಕ್ಕೇ ಒಮ್ಮೆ ಉದ್ದಕ್ಕೆ ಊದಿತು. ದೂರದಲ್ಲಿ ದೋಣಿಯವನೊಬ್ಬ ತನಗೇ ಊದಿದ್ದೆಂದು ಹುಟ್ಟು ಹಾಕುವುದನ್ನು ನಿಲ್ಲಿಸಿದ.

"ಚೆನ್ನಾಗಿದೀಯಾ ತೀವಾ, ಪೀ," ಎಂದ ಅಂಬೋ.

ತೀವಾ ತನ್ನ ಅಷ್ಟೂ ಹೊಸ ಹಲ್ಲು ತೋರಿಸಿ ನಕ್ಕಳು. ದಕ್ಷಿಣದಿಂದ ಯಾವಾಗ ಬಂದೆ ಎಂದು ಕೇಳಿದಳು. ನಾಲ್ಕು ವರ್ಷವಾಯಿತೆಂದ. ಮನೆಯವರು ಎಂದು ಕೇಳಿದಳು. ಮದುವೆಯಾಗಲಿಲ್ಲವೆಂದ. ಸೊರಿಂಗಕ್ಕನ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ಆಮೇಲೆ ಅಂಬೋ ಕೆಲಸದ ದನಿಯಲ್ಲಿ ನಿಯಮ ಹೇಳಿದ. ಹವಳ ತುಳಿಯಬಾರದು, ಮೀನು ಮುಟ್ಟಬಾರದು, ಒಂದು ಚಿಪ್ಪನ್ನೂ ಮೇಲೆ ತರಬಾರದು.

"ಮೀನೇ ಬಂದು ನನ್ನ ಬಾಯಿಗೆ ಬಿದ್ರೆ?" ಎಂದಳು ಸೊರಿಂಗಕ್ಕ.

"ಬಾಯಲ್ಲಿ ಕೊಳವೆ ಇರುತ್ತೆ. ಪೀ."

"ನಲವತ್ತು ವರ್ಷದಿಂದ ಮೀನು ಮಾರ್ತಾ ಇದೀನಿ. ಸುಮ್ನೆ ನೋಡಿ ಬಾ ಅಂತ ಯಾರೂ ನನ್ನ ಕಳ್ಸಿರ್ಲಿಲ್ಲ."

ನೀರುಗನ್ನಡಕ ಕಟ್ಟಿಕೊಂಡು, ಉಸಿರಾಡುವ ಕೊಳವೆಯನ್ನು ಬಾಯಲ್ಲಿ ಕಚ್ಚಿ ಇಬ್ಬರೂ ಅಂಬೋನ ಹಿಂದೆ ತೇಲಿದರು. ತೇಲುವುದೇನೋ ಬರುತ್ತಿತ್ತು. ಸಮುದ್ರದ ದಂಡೆಯಲ್ಲೇ ಹುಟ್ಟಿದವರು. ಆದರೆ ತಲೆ ಮುಳುಗಿಸಿ ಕಣ್ಣು ಬಿಟ್ಟು ನೋಡಿದ್ದು ಇದೇ ಮೊದಲು. ಸೊರಿಂಗಕ್ಕ ಒಂದೊಂದು ಮೀನು ಕಂಡಾಗಲೂ ತಲೆ ಎತ್ತಿ, ಕೊಳವೆ ತೆಗೆದು, "ಇದು ಸುಟ್ಟರೆ ಚೆನ್ನ" ಎನ್ನುವಳು. ಮತ್ತೆ ಮುಳುಗಿ ಎದ್ದು, "ಇದು ಹುಳಿ ಸಾರಿಗೆ" ಎನ್ನುವಳು. ದೊಡ್ಡ ಗುರಕ ಮೀನೊಂದು ಬಂಡೆಯ ಕೆಳಗಿನಿಂದ ಇವಳನ್ನು ದಿಟ್ಟಿಸಿದಾಗ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಅಂಬೋ ಪ್ರತಿ ಸಲವೂ ಸೀಟಿ ಊದಿ ಸುಮ್ಮನಿರಿಸುತ್ತಿದ್ದ.

ಅನಾಹುತ ನಡೆದದ್ದು ಆಚೆ, ಹೂವಿನ ಹಾಗೆ ಅರಳಿ ಬಂಡೆಗೆ ಅಂಟಿಕೊಂಡ ಕಡಲಹೂವು ಎಂಬ ಜೀವಿಯ ಹತ್ತಿರ. ಅದರ ಬೆರಳುಗಳ ನಡುವೆ ಕಿತ್ತಳೆ ಬಣ್ಣದ ಪಟ್ಟೆ ಮೀನುಗಳು ಕಣ್ಣಾಮುಚ್ಚಾಲೆ ಆಡುತ್ತಿದ್ದವು. ತೀವಾಳಿಗೆ ತೋರಿಸಲೆಂದು ಅಂಬೋ ಅವಳ ಕೈ ಹಿಡಿದು ಹತ್ತಿರ ಎಳೆದ. ನೀರಿನಲ್ಲಿ ಕೈ ಹಿಡಿಸಿಕೊಂಡ ತೀವಾಳಿಗೆ ನಗು ಬಂತು. ಕೊಳವೆ ಸಡಿಲವಾಯಿತು, ಬಾಯಿಗೆ ಉಪ್ಪುನೀರು ನುಗ್ಗಿತು, ಅದನ್ನು ಉಗಿಯುವಾಗ ಮೇಲಿನ ಸಾಲಿನ ಹಲ್ಲು ಪೂರ್ತಿಯಾಗಿ ಕಳಚಿ ಹೊರಟಿತು. ಅದು ತಿರುಗುತ್ತ, ಗುಲಾಬಿ ಒಮ್ಮೆ ಬಿಳಿ ಒಮ್ಮೆ ಕಾಣಿಸುತ್ತ ಕೆಳಗಿಳಿದದ್ದನ್ನು ಆಕೆ ಕಣ್ಣಾರೆ ನೋಡಿದಳು. ಪಟ್ಟೆ ಮೀನೊಂದು ಹೊರಗೆ ಬಂದು ಅದನ್ನು ಪರೀಕ್ಷಿಸಿ ಒಳಗೆ ಹೋಯಿತು. ಅಂಬೋ ಆ ಕ್ಷಣ ಬೇರೆ ಕಡೆ ನೋಡುತ್ತಿದ್ದ. ತೀವಾ ಕೊಳವೆಯನ್ನು ಮತ್ತೆ ಬಾಯಿಗೆ ತುರುಕಿ ಕಚ್ಚಿ ಹಿಡಿದಳು.

ದಡಕ್ಕೆ ಬಂದಮೇಲೂ ಅದನ್ನು ತೆಗೆಯಲಿಲ್ಲ. ಮರಳಿನ ಮೇಲೆ, ಜೋವೆಲಿನ್‌ಳ ಮುಂದೆ, ಜರ್ಮನಿಯವರ ಮುಂದೆ, ಕೊಳವೆ ಕಚ್ಚಿಕೊಂಡೇ ನಡೆದು ಗುಡಿಸಲು ಸೇರಿದಳು.

"ತೆಗಿಯೇ ಅದನ್ನ, ಗಾಳಿ ಬೇಕಾದಷ್ಟಿದೆ ಇಲ್ಲಿ," ಎಂದಳು ಸೊರಿಂಗಕ್ಕ.

ತೀವಾ ತಲೆಯಾಡಿಸಿದಳು. ಆಮೇಲೆ ಕಿಟಕಿಯ ಮೇಲಿದ್ದ ಪಿಂಗಾಣಿ ಬಟ್ಟಲನ್ನು ತೋರಿಸಿದಳು. ಮಲಗುವಾಗ ಹಲ್ಲು ನೆನೆಸಿಡುವ ಬಟ್ಟಲು. ಆಮೇಲೆ ಸಮುದ್ರವನ್ನು ತೋರಿಸಿದಳು. ಸೊರಿಂಗಕ್ಕನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ನಗು ತಡೆಯಲು ಮಾತ್ರ ಬಹಳ ಹೊತ್ತು ಹಿಡಿಯಿತು.

"ಬಾಯಿ ಮುಚ್ಕೊಂಡಿದ್ರೆ ಆಯ್ತಪ್ಪ. ಯಾರಿಗ್ ಗೊತ್ತಾಗುತ್ತೆ?"

ತೀವಾ ಕೊಳವೆ ತೆಗೆದು ಬಾಯಿ ಮುಚ್ಚಿ ತೋರಿಸಿದಳು. ಮೇಲಿನ ತುಟಿ ಒಳಕ್ಕೆ ಕುಸಿದು, ಮೂಗು ಗದ್ದ ಹತ್ತಿರ ಬಂದು, ಮುಖ ಅರ್ಧ ಖಾಲಿಯಾದ ಚೀಲದ ಹಾಗಾಯಿತು. ಸೊರಿಂಗಕ್ಕ ತಾನೇ ಕೊಳವೆಯನ್ನು ಎತ್ತಿ ಅವಳ ಬಾಯಿಗೆ ವಾಪಸ್ ಇಟ್ಟಳು.

ಮಧ್ಯಾಹ್ನ ಊಟದ ಹೊತ್ತಿಗೆ ಅಂಬೋ ಇವರ ಮೇಜಿಗೆ ಬಂದು ಕುಳಿತ. ಅವನ ಬಾಯಲ್ಲಿ ಸೀಟಿ, ಇವಳ ಬಾಯಲ್ಲಿ ಕೊಳವೆ. ಅವನೂ ಉಣ್ಣಲಿಲ್ಲ, ಇವಳೂ ಉಣ್ಣಲಿಲ್ಲ. ಸೊರಿಂಗಕ್ಕ ಮೂವರದನ್ನೂ ಉಂಡಳು.

"ತೀವಾಗೆ ನೀರು ಅಷ್ಟು ಹಿಡಿಸ್ತಾ, ಪೀ," ಎಂದ ಅಂಬೋ.

"ಹೂಊಊ," ಎಂದಿತು ಕೊಳವೆ.

"ತುಂಬಾ ಹಿಡಿಸ್ತಂತೆ," ಎಂದಳು ಸೊರಿಂಗಕ್ಕ. "ನಾಳೆ ಬೆಳಿಗ್ಗೆ ಮತ್ತೆ ಅದೇ ಜಾಗಕ್ಕೆ ಕರ್ಕೊಂಡು ಹೋಗ್ಬೇಕಂತೆ."

"ಊಊಹೂಊ."

"ನಲವತ್ತು ವರ್ಷದಲ್ಲಿ ನೀನು ಸ್ವಲ್ಪಾನೂ ಬದಲಾಗಿಲ್ಲ ಅಂತಾಳೆ. ಅಂದ್ರೆ ಅದು ಹೊಗಳಿಕೆ ಅಲ್ಲ ಅಂಬೋ."

ತೀವಾ ಮೇಜಿನ ಕೆಳಗಿನಿಂದ ಅತ್ತಿಗೆಯ ಕಾಲಿಗೆ ಒದ್ದಳು. ಒದೆ ಅಂಬೋನಿಗೆ ಬಿತ್ತು. ಅವನು ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡು ಕೆಂಪಾದ.

ಸೊರಿಂಗಕ್ಕ ವಿಷಯಕ್ಕೆ ಬಂದಳು. "ಅವಳ ಒಂದು ವಸ್ತು ಕೆಳಗೆ ಬಿದ್ದಿದೆ. ನೀನು ಮುಳುಗಿ ತಂದ್ಕೊಡ್ಬೇಕು."

"ಏನದು? ಬಂಗಾರಾನಾ?"

"ಬಂಗಾರ ಅಲ್ಲ. ದಿನಾ ಹಾಕ್ಕೊಳ್ಳೋದು."

"ಸರಾನಾ?"

"ಸಾಲಾಗಿರುತ್ತೆ," ಎಂದಳು ಸೊರಿಂಗಕ್ಕ ಯೋಚಿಸಿ.

ಅಂಬೋ ಬೆನ್ನು ನೆಟ್ಟಗೆ ಮಾಡಿಕೊಂಡ. ಅಭಯಧಾಮದೊಳಗಿಂದ ಏನನ್ನೂ ತೆಗೆಯುವಂತಿಲ್ಲ, ನಿಯಮ ಎಲ್ಲರಿಗೂ ಒಂದೇ, ನೀರಿಗೆ ಬಿದ್ದದ್ದು ನೀರಿನದು ಎಂದ.

"ಹಂಗಾದ್ರೆ ಬೆಳಿಗ್ಗೆ ನಾವಿಬ್ರೂ ನೀರಿಗ್ ಬಿದ್ವಲ್ಲ, ನಮ್ಮನ್ನ ಯಾಕೆ ವಾಪಸ್ ತಂದೆ?"

ಅಂಬೋ ಸೀಟಿಯೊಳಗೆ ಸ್ವಲ್ಪ ಹೊತ್ತು ಉಸಿರಾಡಿದ. ಆಮೇಲೆ, ನೋಡಲು ಅಡ್ಡಿಯಿಲ್ಲ, ತರುವ ಮಾತು ನೋಡಿದ ಮೇಲೆ, ಎಂದು ಒಪ್ಪಿದ.

ಮೂರನೆಯ ದಿನ ಬೆಳಿಗ್ಗೆ ಮೂವರೂ ಮತ್ತೆ ಕಡಲಹೂವಿನ ಹತ್ತಿರ ತೇಲಿದರು. ಹಲ್ಲು ಬಿದ್ದ ಜಾಗದಲ್ಲಿ ಹಲ್ಲಿರಲಿಲ್ಲ. ಆದರೆ ತುಸು ದೂರದಲ್ಲಿ ಬಂಡೆಯ ಬಿರುಕೊಂದರ ಮುಂದೆ ಚಿಪ್ಪುಗಳ ರಾಶಿ. ಬಿರುಕಿನೊಳಗೆ ಆಕ್ಟೋಪಸ್ಸಿನ ಕಣ್ಣು. ಅಂಬೋ ಒಮ್ಮೆ ಉಸಿರೆಳೆದು ಕೆಳಗಿಳಿದ. ರಾಶಿಯನ್ನು ಕೆದಕಿದ. ಅಲ್ಲೇ ತಡೆದು ನಿಂತ. ಕೈ ಮುಷ್ಟಿ ಮಾಡಿಕೊಂಡು ಮೇಲೆ ಬಂದು, ಮುಷ್ಟಿ ಬಿಚ್ಚಿ ತೋರಿಸಿದ.

ಹಲ್ಲುಸೆಟ್ಟೇ ಹೌದು. ಆದರೆ ಹಸಿರು ಪಾಚಿ ಹಿಡಿದದ್ದು, ಅಗಲವಾದದ್ದು, ಒಂದು ಕೋರೆಹಲ್ಲಿಗೆ ಬಂಗಾರದ ಕವಚವಿದ್ದದ್ದು.

ಸೊರಿಂಗಕ್ಕ ಅದನ್ನು ತೆಗೆದುಕೊಂಡು ನೀರಿನಲ್ಲಿ ಜಾಲಿಸಿದಳು. "ನಿಂದಲ್ಲ. ಆದ್ರೆ ನಿಂದಕ್ಕಿಂತ ಗಟ್ಟಿಯಾಗಿದೆ. ಹಾಕ್ಕೊಂಡ್ ನೋಡು, ಹಲ್ಲು ಅಂದ್ಮೇಲೆ ಹಲ್ಲೇ."

ಅಲ್ಲಿಗೆ ತೀವಾಳ ತಾಳ್ಮೆ ಮುಗಿಯಿತು. ಕೊಳವೆಯನ್ನು ಕಿತ್ತೆಸೆದು, ಬಾಯಿ ಪೂರ್ತಿ ತೆರೆದು, ನಲವತ್ತು ವರ್ಷದ್ದನ್ನು ಒಟ್ಟಿಗೆ ಹೇಳಿದಳು.

"ಅಫ್ಫಿಗೆ, ಅಫು ನಂಫಲ್ಲ. ಯಾರಫ್ಫೋ ಹಲ್ಲು ನಾನು ಫಫ್ಫರೂ ಹಾಕ್ಕೊಳ್ಳಲ್ಲ. ನನ್ನ ಏಡೀನೂ ಫಿಂಫೆ, ಈಗ ನನ್ನ ಮಾನಾನೂ ಫಿಂಫೆ."

ಹೇಳಿದ ಮೇಲೆ ನೆನಪಾಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಈಜುವ ಕೈ ನಿಂತದ್ದರಿಂದ ಮುಳುಗಿದಳು. ಅಂಬೋ ಅವಳ ಅಂಗಿ ಹಿಡಿದು ಮೇಲೆತ್ತಿದ. ಎತ್ತುವಾಗ ಸೀಟಿ ಬಾಯಿಂದ ಜಾರಿ ಕೊರಳಲ್ಲಿ ನೇತಾಡಿತು. ಅವನ ಕಣ್ಣು ಸೊರಿಂಗಕ್ಕನ ಕೈಯಲ್ಲಿದ್ದ ಹಲ್ಲಿನ ಮೇಲಿತ್ತು.

"ಅಫು ನಂಫು," ಎಂದ.

ಮೀಸೆಯ ಕೆಳಗೆ ಒಂದೂ ಹಲ್ಲಿರಲಿಲ್ಲ. ಮೂರು ವರ್ಷದ ಹಿಂದೆ ಕಳ್ಳ ದೋಣಿಯೊಂದಕ್ಕೆ ಕಿರುಚುವಾಗ ನೀರಿಗೆ ಬಿದ್ದಿತ್ತಂತೆ. ಆವತ್ತಿನಿಂದ ಸೀಟಿ, ಅದನ್ನು ಕಚ್ಚಿಕೊಂಡರೆ ತೊದಲು ಕೇಳಿಸುತ್ತಿರಲಿಲ್ಲ. ಹಲ್ಲಿಲ್ಲದ ಕಾವಲುಗಾರನಿಗೆ ಯಾರೂ ಹೆದರುವುದಿಲ್ಲ, ಸೀಟಿ ಇರುವವನಿಗೆ ಹೆದರುತ್ತಾರೆ ಎಂಬುದು ಅವನ ಲೆಕ್ಕ. ಇದನ್ನೆಲ್ಲ ಅವನು ನೀರಿನಲ್ಲಿ ತೇಲುತ್ತಲೇ ಹೇಳಿದ. ತೀವಾಳಿಗೆ ಒಂದಕ್ಷರ ಬಿಡದೆ ಅರ್ಥವಾಯಿತು. ಸೊರಿಂಗಕ್ಕನಿಗೆ ಅರ್ಧ ಅರ್ಥವಾಯಿತು. ದಿನಾ ಒಣಮೀನು ಜಗಿದು ಗಟ್ಟಿಯಾದ ಸ್ವಂತ ಹಲ್ಲು ಅಲ್ಲಿ ಅವಳೊಬ್ಬಳಿಗೇ ಇದ್ದದ್ದು.

"ಹಂಗಾದ್ರೆ ಇವಳದ್ದು ಎಲ್ಲಿ?" ಎಂದಳು.

ಅಂಬೋ ಮತ್ತೆ ಮುಳುಗಿ ನೋಡಿ ಬಂದ. ಆಕ್ಟೋಪಸ್ ಬಿರುಕಿನೊಳಗೆ ಮೊಟ್ಟೆ ಇಟ್ಟಿದೆ, ಬಾಗಿಲಿಗೆ ಕಲ್ಲು ಚಿಪ್ಪು ಅಡ್ಡ ಇಟ್ಟುಕೊಂಡಿದೆ, ತೀವಾಳ ಹಲ್ಲು ಆ ಬಾಗಿಲಿನ ನಟ್ಟನಡುವೆ ಇದೆ, ಎಂದ. ಅದನ್ನು ಕಿತ್ತರೆ ಮೊಟ್ಟೆ ಮೀನುಗಳ ಪಾಲು. ಹಾಗಾಗಿ ತೆಗೆಯುವಂತಿಲ್ಲ.

"ಅಂದ್ರೆ ನಿನ್ನ ಹಲ್ಲು ಮೇಲೆ ಬರ್ಬಹುದು, ಅವಳ ಹಲ್ಲು ಮಾತ್ರ ಅಭಯಧಾಮದ್ದು," ಎಂದಳು ಸೊರಿಂಗಕ್ಕ. "ನಿಯಮ ಎಲ್ಲರಿಗೂ ಒಂದೇ ಅಂದ್ಯಲ್ಲಪ್ಪ."

ಅಂಬೋ ತನ್ನ ಹಲ್ಲನ್ನು ಅವಳ ಕೈಯಿಂದ ತೆಗೆದುಕೊಂಡ. ಬಂಗಾರದ ಕವಚವನ್ನು ಹೆಬ್ಬೆರಳಿನಿಂದ ಉಜ್ಜಿದ. ದಕ್ಷಿಣದ ಹಡಗಿನ ಸಂಬಳದಲ್ಲಿ ಮಾಡಿಸಿದ್ದು. ಒಮ್ಮೆ ತೀವಾಳ ಮುಖ ನೋಡಿದ. ಆಮೇಲೆ ಉಸಿರೆಳೆದು ಕೆಳಗೆ ಹೋಗಿ ಅದನ್ನು ಆಕ್ಟೋಪಸ್ಸಿನ ಬಾಗಿಲಲ್ಲಿ, ತೀವಾಳ ಹಲ್ಲಿನ ಪಕ್ಕದಲ್ಲೇ ಇಟ್ಟು ಬರಿಗೈಯಲ್ಲಿ ಮೇಲೆ ಬಂದ. ಆಕ್ಟೋಪಸ್ ಒಂದು ತೋಳು ಚಾಚಿ ಅದನ್ನು ಸ್ವಲ್ಪ ಸರಿಮಾಡಿಕೊಂಡಿತು. ಅದಕ್ಕೆ ಬೇಕಾದ ಹಾಗೆ.

"ಮೂರು ವರ್ಷಕ್ಕೆ ಒಸಡು ಕುಗ್ಗಿರುತ್ತೆ, ಹಾಕ್ಕೊಂಡಿದ್ರೂ ಕೂರ್ತಿರ್ಲಿಲ್ಲ," ಎಂದು ಸೊರಿಂಗಕ್ಕ ಇವತ್ತಿಗೂ ಹೇಳುತ್ತಾಳೆ. ತೀವಾ ಇದಕ್ಕೆ ಉತ್ತರ ಕೊಡುವುದಿಲ್ಲ. ಅವರ ಮನೆಯಲ್ಲಿ ಉತ್ತರವಿಲ್ಲದೆ ಉಳಿದ ಮೊದಲ ಮಾತು ಅದು, ನಾನು ಕೇಳಿದ ಹಾಗೆ.

ಆ ಮಧ್ಯಾಹ್ನ ತೀವಾ, ಅಂಬೋ ಇಬ್ಬರೂ ಕಾಡುಬಾದಾಮಿ ಮರದ ಕೆಳಗೆ ಕುಳಿತು, ಕೊಳವೆಯೂ ಇಲ್ಲದೆ ಸೀಟಿಯೂ ಇಲ್ಲದೆ ಮಾತಾಡಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಬಿಟ್ಟರೆ ಪ್ರಪಂಚದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಜೋವೆಲಿನ್ ಹಣ್ಣಾದ ಬಾಳೆಹಣ್ಣು ಹಿಸುಕಿ ತಂದುಕೊಟ್ಟಳು. ಸೊರಿಂಗಕ್ಕ ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತಳು. ಅನುವಾದಕ್ಕೆ ಯಾರೂ ಕರೆಯಲಿಲ್ಲ. ಪೊರಕೆಯನ್ನು ಬಚ್ಚಿಟ್ಟಿದ್ದರು. ಒಲೆಯನ್ನೂ ಬಚ್ಚಿಟ್ಟಿದ್ದರು. ಬೇರೇನೂ ತೋಚದೆ ನೀರುಗನ್ನಡಕ ಕಟ್ಟಿಕೊಂಡು ಒಬ್ಬಳೇ ನೀರಿಗಿಳಿದಳು.

ಸೊಂಟದ ಆಳದಲ್ಲಿ ಕಡಲಹುಲ್ಲಿನ ಬಯಲು. ಅದರ ಮೇಲೆ ಮೀನಿನ ಹಿಂಡೊಂದು ಮೇಯುತ್ತಿತ್ತು. ಯಾವ ಮೀನು ಎಂದು ಆಕೆಗೆ ಮೊದಲು ಗೊತ್ತಾಗಲಿಲ್ಲ. ದುಂಡು ಬಾಯಿ, ಬೂದು ಮೈಯಲ್ಲಿ ಬಿಳಿ ಚುಕ್ಕೆ, ಮುಖದಲ್ಲಿ ಏನೋ ಗಾಬರಿ. ಬಹಳ ಹೊತ್ತಿನ ಮೇಲೆ ಹೊಳೆಯಿತು. ದಂಗಿಟ್. ಲಕ್ಷಗಟ್ಟಲೆ ದಂಗಿಟ್ ಸೀಳಿ ಬಿಡಿಸಿದ ಕೈ ಅವಳದು. ಮುಚ್ಚಿದ ದಂಗಿಟ್ ಓಡಾಡುವುದನ್ನು ಅವಳು ನೋಡಿರಲಿಲ್ಲ. ಅವು ಒಟ್ಟಿಗೆ ಎಡಕ್ಕೆ ತಿರುಗಿದವು. ಒಟ್ಟಿಗೆ ಬಲಕ್ಕೆ ತಿರುಗಿದವು. ಒಂದು ಮಾತ್ರ ತಪ್ಪಿ ಬೇರೆ ಕಡೆ ಹೋಗಿ, ನಾಚಿಕೊಂಡ ಹಾಗೆ ಓಡಿ ಬಂದು ಸೇರಿಕೊಂಡಿತು.

ಸೊರಿಂಗಕ್ಕ ತಲೆ ಎತ್ತಿ ಯಾರಿಗೂ ಏನೂ ಹೇಳಲಿಲ್ಲ. ಯಾವುದನ್ನು ಹುರಿಯಬೇಕು, ಯಾವುದು ಹುಳಿಗೆ ಎಂಬುದೂ ನೆನಪಾಗಲಿಲ್ಲ. ಕೈಕಾಲು ಚಾಚಿ ಹಾಗೇ ತೇಲಿದಳು. ಜರ್ಮನಿಯವನು ದಡದಿಂದ ನೋಡಿ ಹೆದರಿ ಎರಡು ಸಲ ನೀರಿಗಿಳಿದು, ಆಕೆ ಉಸಿರಾಡುತ್ತಿದ್ದಾಳೆಯೇ ಎಂದು ಕೊಳವೆಯ ತುದಿಗೆ ಕಿವಿಗೊಟ್ಟು ಕೇಳಿಸಿಕೊಂಡು ಹೋದ. ಜೀಪು ಬಂದು ಹಾರನ್ ಹೊಡೆದಾಗಲೂ ಎದ್ದಿರಲಿಲ್ಲ. ಕೊನೆಗೆ ಅಂಬೋ ಸೀಟಿ ಊದಬೇಕಾಯಿತು.

ಸೋಮವಾರ ಆಕೆ ಅಂಗಡಿಯಲ್ಲಿ ಕುಳಿತಾಗ ಮುಖದ ಮೇಲೆ ನೀರುಗನ್ನಡಕದ ದುಂಡನೆಯ ಅಚ್ಚು, ಬೆನ್ನ ತುಂಬ ಬಿಸಿಲಿನ ಬೊಬ್ಬೆ. ನಾನು ಹೋಗಿ ರೆಸಾರ್ಟು ಹೇಗಿತ್ತೆಂದು ಕೇಳಿದೆ.

"ಜಾಗ ಕೊಳಕು. ಎಷ್ಟು ಗುಡಿಸಿದ್ರೂ ಮುಗಿಯಲ್ಲ," ಎಂದಳು. ದಂಗಿಟ್ ತೂಗುತ್ತಿದ್ದವಳು ಒಂದನ್ನು ಎತ್ತಿ, ಬಿಡಿಸಿದ ಎರಡು ಪಕ್ಕವನ್ನೂ ಮಡಿಚಿ ಹತ್ತಿರ ಹಿಡಿದು ನೋಡಿದಳು. "ಇದರ ಮುಖ ನೋಡಿದೀಯಾ ನೀನು? ಪಾಪ, ಯಾವಾಗ್ಲೂ ಏನೋ ಮರ್ತು ಬಂದೋರ ಹಾಗಿರುತ್ತೆ." ಆಮೇಲೆ ಅದನ್ನು ಮತ್ತೆ ಬಿಡಿಸಿ ತಕ್ಕಡಿಗೆ ಹಾಕಿದಳು.

ಅಂಬೋ ಪ್ರತಿ ಭಾನುವಾರ ಪೂಜೆ ಮುಗಿಸಿ ನಮ್ಮ ಓಣಿಗೆ ಬರುತ್ತಾನೆ. ಬಂದವನಿಗೆ ಸೊರಿಂಗಕ್ಕ ಗಂಜಿ ಕಾಯಿಸುತ್ತಾಳೆ, ಗೊಣಗುತ್ತಲೇ. ಒಂದು ದಿನ ಅವನು ಆಕ್ಟೋಪಸ್ಸಿನ ಮರಿಗಳೆಲ್ಲ ಹೊರಟುಹೋದವು, ಬಿರುಕು ಖಾಲಿಯಾಗಿದೆ, ಈಗ ಬೇಕಾದರೆ ಹಲ್ಲು ತರಬಹುದು ಎಂದ. ತೀವಾ ಯೋಚಿಸಿದಳು. "ಇರ್ಲಿ ಬಿಡು. ಬೇರೆ ಯಾರಾಫ್ರೂ ಬಂಫ್ರೆ ಬಾಗಿಲು ಬೇಕಲ್ಲ" ಎಂದಳು. ಹೊಸ ಹಲ್ಲು ಕಟ್ಟುವ ಡಾಕ್ಟರು ಬೇಸಗೆಗೆ ಬರುತ್ತಾರಂತೆ. ಇಬ್ಬರೂ ಹೆಸರು ಹೇಳಿಟ್ಟಿದ್ದಾರೆ. ಆದರೆ ಅವಸರ ಯಾರಲ್ಲೂ ಕಾಣುವುದಿಲ್ಲ.

ಗಂಜಿ ಉಂಡ ಮೇಲೆ ಮೂವರೂ ನಮ್ಮೂರ ದಂಡೆಗೆ ಹೋಗುತ್ತಾರೆ. ಅವರಿಬ್ಬರು ದೋಣಿಯ ನೆರಳಲ್ಲಿ ಕುಳಿತು ತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ. ಸೊರಿಂಗಕ್ಕ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಕೊಂಡ ಕನ್ನಡಕ, ಕೊಳವೆ ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ಮಲಗುತ್ತಾಳೆ. ನಮ್ಮ ದಂಡೆಯಲ್ಲಿ ಹವಳವಿಲ್ಲ, ಹೂವಿಲ್ಲ. ಮರಳು, ಒಂದು ಹಳೆಯ ಚಪ್ಪಲಿ, ಸೌತೆಕಾಯಿಯ ಹಾಗೆ ಬಿದ್ದುಕೊಂಡ ಒಂದು ಕಡಲಜೀವಿ, ಅಷ್ಟೇ. ಬಲೆ ಒಣಗಿಸುವವರು ನಿಂತು ನಗುತ್ತಾರೆ.

ಮೊನ್ನೆ ನಾನೂ ಕೇಳಿದೆ, "ಅಲ್ಲಿ ಏನಿದೆ ಅಂತ ಅಷ್ಟು ಹೊತ್ತು ನೋಡ್ತೀಯಾ ಸೊರಿಂಗಕ್ಕ?"

ತಲೆ ಎತ್ತಿದಳು. ಕನ್ನಡಕದೊಳಗೆ ಅರ್ಧ ನೀರು ತುಂಬಿತ್ತು.

"ಆ ಸೌತೆಕಾಯಿ ಈಗಷ್ಟೇ ಚಪ್ಪಲಿ ಹತ್ರ ಬರ್ತಾ ಇದೆ. ಸುಮ್ನಿರು," ಎಂದು ಹೇಳಿ ಮತ್ತೆ ಮುಖ ಅದ್ದಿದಳು.